ಹುಳುಮನೆಯಲ್ಲಿ ಕೂತು ಓದಿದ ಬಯೋಇ3

ರೇಷ್ಮೆ ಬೆಳೆಗೆ ಹಾಕುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚು ಖರ್ಚಾಗುವುದು ನಾಲ್ಕನೇ ಜ್ವರ, ಅಂದರೆ ಹುಳು ಪೊರೆ ಬಿಡುವ ಹೊತ್ತು, ಕಳೆದ ಮೇಲೆ. ಅಷ್ಟನ್ನೂ ತಿಂದು, ಇನ್ನೇನು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಹತ್ತಬೇಕು ಅನ್ನುವಾಗ ಹುಳು ಊದಿಕೊಳ್ಳುತ್ತದೆ, ತಟ್ಟೆಯ ಅಂಚಿಗೆ ಹರಿಯುತ್ತದೆ, ಚರ್ಮ ಒಡೆದು ಹಾಲಿನಂಥ ರಸ ಸುರಿಸಿ ಸಾಯುತ್ತದೆ. ಇದು ಹಾಲು ರೋಗ, ವೈರಸ್ಸಿನದು. ಸೊಪ್ಪು, ಕೂಲಿ, ನಿದ್ದೆ ಮೂರೂ ಹೋದ ಮೇಲೆ ಕೈಗೆ ಬರುವುದು ಬರೀ ತಟ್ಟೆ.

ಗುಡಿಬಂಡೆ ಸೀಮೆಯ ರೇಷ್ಮೆ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆಯಲ್ಲ, ಆಂಧ್ರದ ಮಡಕಶಿರಾ ಕಡೆಯದು. 2022ರಲ್ಲಿ ಅದರ ಜಿಲ್ಲೆ ಅನಂತಪುರದಿಂದ ಶ್ರೀ ಸತ್ಯಸಾಯಿಗೆ ಬದಲಾಯಿತು. ಮನೆಮಾತು ಮಾತ್ರ ಕನ್ನಡವಾಗಿಯೇ ಉಳಿದಿದೆ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ನೀತಿಯಾದ ಬಯೋಇ3ಯನ್ನು ನಾನು ಅಳೆಯಲು ಹೊರಟಿರುವುದು ಇಲ್ಲಿನ ಹುಳುಮನೆಯ ಹೊಸ್ತಿಲಿಂದ. ಬೆಂಗಳೂರಿನ ಗಾಜಿನ ಕಟ್ಟಡದಿಂದ ನೋಡಿದರೆ ಅದು ಬೇರೆಯೇ ಕಾಣುತ್ತದೆ.

2024ರ ಆಗಸ್ಟ್ 24ರಂದು ಸಚಿವ ಸಂಪುಟ ಈ ನೀತಿಯನ್ನು ಒಪ್ಪಿತು. ಮೂರು 'ಇ'ಗಳೆಂದರೆ ಆರ್ಥಿಕತೆ, ಪರಿಸರ, ಉದ್ಯೋಗ. ಜೈವಿಕ ರಾಸಾಯನಿಕ ಮತ್ತು ಕಿಣ್ವಗಳು, ಸ್ಮಾರ್ಟ್ ಪ್ರೋಟೀನ್, ನಿಖರ ಚಿಕಿತ್ಸೆ, ಹವಾಮಾನ ತಾಳುವ ಕೃಷಿ, ಇಂಗಾಲದ ಹಿಡಿತ, ಕಡಲು ಮತ್ತು ಬಾಹ್ಯಾಕಾಶದ ಸಂಶೋಧನೆ ಹೀಗೆ ಆರು ವಿಭಾಗ. ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ. ಪೆಟ್ರೋಲಿಯಂನಿಂದ ತೆಗೆಯುವ ವಸ್ತುಗಳನ್ನು ಸೂಕ್ಷ್ಮಜೀವಿಗಳಿಂದ ಮಾಡಿಸೋಣ ಎಂಬ ಆಲೋಚನೆ ಗಟ್ಟಿಯಾದದ್ದು. ಸ್ವಂತ ಯಂತ್ರ ಕೊಳ್ಳಲಾಗದ ಸಣ್ಣ ಕಂಪನಿಗಳಿಗೆ ಹಂಚಿಕೊಂಡು ಬಳಸುವ ಬಯೋಫೌಂಡ್ರಿಗಳನ್ನು ಕಟ್ಟುವುದೂ ಸರಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜೈವಿಕ ತಂತ್ರಜ್ಞಾನ ಸಂಶೋಧನೆಯ ಬಯೋ-ರೈಡ್ ಯೋಜನೆಗೆ 9,197 ಕೋಟಿ ರೂಪಾಯಿಯನ್ನೂ ಸರ್ಕಾರ ಮಂಜೂರು ಮಾಡಿತು. ಕಾಗದದ ಹುಲಿ ಎಂದು ತಳ್ಳಿಹಾಕುವ ಹಾಗಿಲ್ಲ.

ನನ್ನ ತಕರಾರು ಇರುವುದು ಅದರ ಅಳತೆಗೋಲಿನ ಬಗ್ಗೆ. 2014ರಲ್ಲಿ 10 ಬಿಲಿಯನ್ ಡಾಲರಿನಷ್ಟಿದ್ದ ಜೈವಿಕ ಆರ್ಥಿಕತೆ 2024ಕ್ಕೆ 165 ಬಿಲಿಯನ್ ದಾಟಿತು, 2030ಕ್ಕೆ 300 ಆಗಬೇಕು ಎಂಬುದೇ ಪಲ್ಲವಿ. ಈ ಮೊತ್ತದಲ್ಲಿ ಎಥನಾಲ್ ಇದೆ, ಲಸಿಕೆ ಇದೆ, ಔಷಧ ಇದೆ, ಬಿಟಿ ಹತ್ತಿ ಇದೆ. ಹಾಲು ರೋಗದಲ್ಲಿ ಹೋದ ಬೆಳೆಯನ್ನು ಕಳೆಯುವ ಕಾಲಮ್ಮು ಅದರಲ್ಲಿಲ್ಲ. ನಷ್ಟವನ್ನು ಬರೆಯದೆ ಲಾಭವನ್ನಷ್ಟೇ ಕೂಡಿಸುವ ಲೆಕ್ಕವನ್ನು ನಮ್ಮೂರ ಅಂಗಡಿಯವನೂ ಒಪ್ಪುವುದಿಲ್ಲ.

ಜೀವವಿಜ್ಞಾನವನ್ನು ಒಂದು ದೇಶ ಎಲ್ಲಿಂದ ಶುರು ಮಾಡಬಹುದು ಎನ್ನುವುದಕ್ಕೆ ಹಳೆಯ ನಿದರ್ಶನವೊಂದಿದೆ, ಅದೂ ರೇಷ್ಮೆಯದೇ. 1865ರಲ್ಲಿ ಗಂಟು ರೋಗದಿಂದ ಫ್ರಾನ್ಸಿನ ರೇಷ್ಮೆ ನೆಲಕಚ್ಚಿದಾಗ ಅಲ್ಲಿನ ಸರ್ಕಾರ ಲೂಯಿ ಪಾಶ್ಚರ್‌ನನ್ನು ಅಲೆಸ್ ಎಂಬ ಊರಿಗೆ ಕಳಿಸಿತು. ಅವನು ಅದುವರೆಗೆ ರೇಷ್ಮೆ ಹುಳುವಿನ ಮೇಲೆ ಕೆಲಸ ಮಾಡಿದವನೇ ಅಲ್ಲ. ವರ್ಷ ವರ್ಷವೂ ಬೆಳೆಯ ಕಾಲಕ್ಕೆ ಅಲ್ಲಿಗೆ ಹೋಗಿ ಕಂಡುಕೊಂಡದ್ದು ಸರಳ ಉಪಾಯ: ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು, ರೋಗಾಣು ಕಂಡರೆ ಆ ಚಿಟ್ಟೆಯ ಮೊಟ್ಟೆಯನ್ನೆಲ್ಲ ಸುಡು. ನಮ್ಮ ಬಿತ್ತನೆ ಕೋಠಿಗಳು ಇಂದಿಗೂ ರೋಗರಹಿತ ಮೊಟ್ಟೆ ಕೊಡುವುದು ಆ ಉಪಾಯದ ಬಲದಿಂದಲೇ. ಸಮಸ್ಯೆ ರೈತನದು, ಪ್ರಯಾಣ ವಿಜ್ಞಾನಿಯದು.

ಗುಡಿಬಂಡೆಯವರಿಗೆ ಹತ್ತಿರದ ಹಿಂದೂಪುರದಲ್ಲೂ ಅಂಥದ್ದು ನಡೆದಿತ್ತು, ಅರ್ಧ ದಾರಿಯವರೆಗೆ. ಅಲ್ಲಿನ ಕಿರಿಕೆರೆಯಲ್ಲಿ ಆಂಧ್ರದ ರೇಷ್ಮೆ ಸಂಶೋಧನಾ ಸಂಸ್ಥೆಯಿದೆ. ಅದರ ವಿಜ್ಞಾನಿಗಳು ಹೈದರಾಬಾದಿನ ಸಿಡಿಎಫ್‌ಡಿ ಎಂಬ ಸಂಶೋಧನಾ ಸಂಸ್ಥೆಯ ಜೆ. ನಾಗರಾಜು ಅವರ ತಂಡದ ಜೊತೆ ಸೇರಿ, ಹಾಲು ರೋಗದ ವೈರಸ್ಸಿನ ವಂಶವಾಹಿಗಳ ಬಾಯಿ ಮುಚ್ಚಿಸುವ ಗುಣವನ್ನು ಹುಳುವಿನೊಳಗೇ ಕೂರಿಸಿದರು. ಫ್ರಾನ್ಸಿನ ವಿಜ್ಞಾನಿಗಳೂ ಕೈಜೋಡಿಸಿದ್ದ ಈ ಕೆಲಸ 2013ರಲ್ಲಿ 'ಜೆನೆಟಿಕ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ನಾಗರಾಜು ಅದಕ್ಕೆ ಮೊದಲೇ, 2012ರ ಕೊನೆಯ ದಿನ, ತೀರಿಕೊಂಡಿದ್ದರು. ಆ ಹುಳು ರೈತರ ತಟ್ಟೆಗೆ ಇನ್ನೂ ಬಂದಿಲ್ಲ.

ಸಿಡಿಎಫ್‌ಡಿ ಬಯೋಇ3 ಬರೆದ ಜೈವಿಕ ತಂತ್ರಜ್ಞಾನ ಇಲಾಖೆಯದೇ ಸಂಸ್ಥೆ. ತನ್ನ ಮನೆಯಲ್ಲೇ ಹುಟ್ಟಿದ ಹುಳುವಿನ ಕಥೆಯಿಂದ ಇಲಾಖೆ ಏನು ಕಲಿಯಿತು ಎಂಬುದೇ ನೀತಿಗೆ ನಾನು ಹಾಕುವ ಪರೀಕ್ಷೆ. ಕುಲಾಂತರಿ ಹುಳುವನ್ನು ಅವಸರದಲ್ಲಿ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಸುರಕ್ಷತೆಯ ಪರೀಕ್ಷೆ ಆಗಲೇಬೇಕು, ಬೇಡ ಅನ್ನಿಸಿದರೆ ಬೇಡ ಎಂದಾದರೂ ಹೇಳಬೇಕು. ಹೌದೂ ಇಲ್ಲದೆ ಅಲ್ಲವೂ ಇಲ್ಲದೆ ವರ್ಷಗಟ್ಟಲೆ ಕೂರಿಸುವುದು ಮಾತ್ರ ತಪ್ಪು. ಪ್ರಯೋಗಾಲಯ ಮತ್ತು ಮಾರುಕಟ್ಟೆಯ ನಡುವಿನ ಕಂದಕಕ್ಕೆ ಬಯೋಇ3 ಹಾಕುವ ಸೇತುವೆಯ ಮೇಲೆ ಕಂಪನಿಗಳು ನಡೆಯಬಲ್ಲವು. ಮೊಟ್ಟೆಯ ಹಾಳೆ ಹಿಡಿದು ಮರಿಹುಳು ಸಾಕುವ ಚಾಕಿ ಕೇಂದ್ರಕ್ಕೆ ಹೋಗುವವಳು ಅದರ ಮೇಲೆ ಕಾಲಿಡುವುದು ಹೇಗೆ?

ಈ ಸೀಮೆಯ ನೆಲಗಡಲೆಯ ಕಥೆಯೂ ಇದೇ. ಕದಿರಿಯ ಸಂಶೋಧನಾ ಕೇಂದ್ರ ಬರ ತಾಳುವ ತಳಿಗಳನ್ನು ಕೊಟ್ಟಿದೆ. ಆದರೆ ನೆಲಗಡಲೆಗೆ ಎಕರೆಗೆ ಬೇಕಾಗುವ ಬೀಜ ಹೆಚ್ಚು, ಒಂದು ಕಾಳಿನಿಂದ ಹುಟ್ಟುವ ಕಾಳು ಕಮ್ಮಿ, ಜೊತೆಗೆ ರೈತ ಮನೆಯ ಬೀಜವನ್ನೇ ಬಿತ್ತಬಲ್ಲ. ಆದ್ದರಿಂದ ಖಾಸಗಿಯವರಿಗೆ ಇದರಲ್ಲಿ ಆಸೆಯಿಲ್ಲ. ಹವಾಮಾನ ತಾಳುವ ಕೃಷಿ ಎಂಬ ಶೀರ್ಷಿಕೆಯಡಿ ಸರ್ಕಾರ ತಾನೇ ಹೊರಬೇಕಾದ ಕೆಲಸವೆಂದರೆ ಇದು.

ಒಟ್ಟಿನಲ್ಲಿ ಬಯೋಇ3 ಕಾರ್ಖಾನೆಗೆ ಒಳ್ಳೆಯ ನೀತಿ, ಕೃಷಿಗೆ ಅರೆಬರೆ, ರೇಷ್ಮೆಗೆ ಮೌನ. ಬಯೋ-ರೈಡ್ ಹಣದ ಲೆಕ್ಕವನ್ನು 2025-26ರವರೆಗಷ್ಟೇ ಹಾಕಲಾಗಿತ್ತು. ಮುಂದಿನದನ್ನು ಬರೆಯುವವರು ಒಂದು ಬೆಳಗ್ಗೆ ಹಿಂದೂಪುರದ ಗೂಡಿನ ಮಾರುಕಟ್ಟೆಗೆ ಬರಲಿ. ಗೂಡು ತಂದವರನ್ನು ಮಾತಾಡಿಸಿದರೆ ಸಾಲದು, ಈ ಸಲ ಗೂಡು ತರಲಾಗದವರ ಹೆಸರನ್ನೂ ಅಲ್ಲಿ ಕೇಳಿ ಬರೆದುಕೊಳ್ಳಲಿ.