ರೊಕ್ಕವಿಲ್ಲದ ಕೆಲಸ, ಮನೆಯ ಲೆಕ್ಕ

ಮುಕ್ತ ತಂತ್ರಾಂಶದ ಹುಚ್ಚು ಹತ್ತಿದವರಿಗೆ ಮನೆಯಲ್ಲಿ ತಪ್ಪದೆ ಎದುರಾಗುವ ಪ್ರಶ್ನೆ ಒಂದುಂಟು: "ದಿನಾ ರಾತ್ರಿ ಆ ಡಬ್ಬಿ ಮುಂದ ಕುಂಡ್ರತಿಯಲ್ಲ, ರೊಕ್ಕಾ ಏನರ ಕೊಡ್ತಾರೇನು?" ಯಳವತ್ತಿಯಲ್ಲಿ ಕೂತು ಈ ಅಂಕಣ ಬರೆಯುವ ನನಗೂ ಅದರ ರೂಢಿಯಿದೆ. ಗೆಳೆಯರಲ್ಲಿ ಹಲವರು ಈ ಮಾತನ್ನು ನಕ್ಕು ತೇಲಿಸುತ್ತಾರೆ. ನನಗೆ ಕೇಳಿದರೆ ಈ ಕ್ಷೇತ್ರದಲ್ಲಿ ಇದಕ್ಕಿಂತ ಗಟ್ಟಿ ಪ್ರಶ್ನೆ ಇಲ್ಲ. ಕೋಡ್ ಪುಕ್ಕಟೆ ಸಿಗಬಹುದು, ಅದನ್ನು ಬರೆದ ಹೊತ್ತು ಮಾತ್ರ ಯಾರದೋ ಸಂಸಾರದ ಖಾತೆಯಿಂದ ಖರ್ಚಾಗಿರುತ್ತದೆ.

ಮೊಬೈಲಿನಲ್ಲಿ ನಮ್ಮ ತಾಲ್ಲೂಕಿನ ಹೆಸರನ್ನೇ ಬರೆದು ನೋಡಿ: ಲಕ್ಷ್ಮೇಶ್ವರ. ಎರಡನೆಯ ಅಕ್ಷರದಲ್ಲಿ ಕಕಾರಕ್ಕೆ ಷ ಕೂಡಬೇಕು, ಅದರಡಿ ಮಕಾರದ ಒತ್ತು ಬರಬೇಕು, ಏಕಾರದ ಗುರುತು ತನ್ನ ಜಾಗ ಹಿಡಿಯಬೇಕು. ಯೂನಿಕೋಡ್ ಇವನ್ನೆಲ್ಲ ಒಂದರ ಹಿಂದೊಂದು ಸಾಲಾಗಿ ಇಟ್ಟುಕೊಂಡಿರುತ್ತದೆ, ಅಷ್ಟೆ. ಸಾಲನ್ನು ಅಕ್ಷರವಾಗಿ ಹೆಣೆದು ತೋರಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲವುಗಳ ಒಳಗೂ ಅದು ಕೆಲಸ ಮಾಡುತ್ತದೆ. ಫಾಂಟ್ ಬೇಕೆಂದರೆ ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ, ನವಿಲು ಇವೆ. ಹಳೆಯ ಪಠ್ಯ ಹುಡುಕಬೇಕೆಂದರೆ ಓಂಶಿವಪ್ರಕಾಶ್ ಮತ್ತು ಸಂಗಡಿಗರು ಕಟ್ಟಿದ ವಚನ ಸಂಚಯದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಜಾಲಾಡಬಹುದು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ಇವತ್ತಿಗೂ ಬೆಳೆಸುತ್ತಿರುವವರು ಸ್ವಯಂಸೇವಕರೇ. ಕನ್ನಡದ ಇಂಥ ಕೆಲಸದಲ್ಲಿ ಹೆಚ್ಚಿನ ಪಾಲು ನೌಕರಿ ಮುಗಿದ ಮೇಲೆ, ಮಕ್ಕಳು ಮಲಗಿದ ಮೇಲೆ ಆದದ್ದು.

ಹಾಗಾದರೆ ಬಿಟ್ಟುಬಿಡೋಣ ಎನ್ನಲು ಬಾಯಿ ಬರುವುದಿಲ್ಲ. ವೀರೇಶ್ವರ ಪುಣ್ಯಾಶ್ರಮವಿರುವ ಗದಗ ಜಿಲ್ಲೆ ನಮ್ಮದು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಸಂಗೀತದ ಬದುಕು ಕಟ್ಟಿಕೊಟ್ಟ ನೆಲ. ಇಂದು ಅಂಥ ಮಗುವೊಂದು ಕಂಪ್ಯೂಟರ್ ಮುಂದೆ ಕೂತರೆ, ತೆರೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ತಂತ್ರಾಂಶ ಬೇಕು. ಎನ್‌ವಿಡಿಎ ಆ ಕೆಲಸವನ್ನು ಬಿಡಿಗಾಸಿಲ್ಲದೆ ಮಾಡುತ್ತದೆ, ಅದರ ಜತೆ ಬರುವ ಈ-ಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. 2006ರಲ್ಲಿ ಎನ್‌ವಿಡಿಎಯನ್ನು ಶುರುಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್, ಜತೆಗೂಡಿದ ಜೇಮ್ಸ್ ಟೆ ಇಬ್ಬರೂ ಅಂಧರೇ. ನನಗೆ ಹೆಚ್ಚು ಮೆಚ್ಚಾದದ್ದು ಅವರ ಮುಂದಿನ ಹೆಜ್ಜೆ. ಮರುವರ್ಷವೇ ಅವರು ಎನ್‌ವಿ ಆಕ್ಸೆಸ್ ಎಂಬ ಲಾಭರಹಿತ ಸಂಸ್ಥೆ ಹುಟ್ಟುಹಾಕಿದರು. ದೇಣಿಗೆ, ಅನುದಾನ ಬರಲು ಒಂದು ದಾರಿಯಾಯಿತು, ಕೆಲಸ ಮಾಡುವವರ ಕೈಗೆ ಸಂಬಳ ಸಿಗತೊಡಗಿತು. ಪುಕ್ಕಟೆ ಕೊಡುವ ವಸ್ತುವಿಗೂ ಅಡುಗೆಮನೆಯ ಖರ್ಚು ಇರುತ್ತದೆಂದು ಅವರು ಬೇಗ ಒಪ್ಪಿಕೊಂಡರು.

ಒಪ್ಪಿಕೊಳ್ಳದ ಕಡೆ ಏನಾಗುತ್ತದೆಂಬುದನ್ನು 2024ರ ಮಾರ್ಚ್ ತೋರಿಸಿತು. ಎಕ್ಸ್‌ಜೆಡ್ ಎನ್ನುವುದು ಕಡತಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶ, ಲೋಕದ ಲಿನಕ್ಸ್ ಯಂತ್ರಗಳಲ್ಲೆಲ್ಲ ಹೆಚ್ಚುಕಡಿಮೆ ಇರುವಂಥದ್ದು. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಫಿನ್ಲೆಂಡಿನ ಲಾಸೆ ಕೊಲಿನ್ ಒಬ್ಬರೇ. ಇದು ಸಂಬಳವಿಲ್ಲದ ಹವ್ಯಾಸದ ಕೆಲಸ, ಮನಸ್ಸಿನ ಆರೋಗ್ಯವೂ ಸರಿಯಿಲ್ಲ ಎಂದು 2022ರಲ್ಲಿ ಅವರೇ ಹೇಳಿಕೊಂಡಿದ್ದರು. ಬೇಗ ಮಾಡಿ, ಬೇರೆಯವರಿಗೆ ಕೊಡಿ ಎಂಬ ಒತ್ತಾಯ ನಿಲ್ಲಲಿಲ್ಲ. ಜಿಯಾ ಟಾನ್ ಎಂಬ ಹೆಸರಿನಲ್ಲಿ ಬಂದ ಅಪರಿಚಿತ ನೆರವು ನೀಡುತ್ತ ನೀಡುತ್ತ ನಂಬಿಕೆ ಗಳಿಸಿ ಅಧಿಕಾರ ಪಡೆದು, ಕಡೆಗೆ ಒಳಗೇ ಕಳ್ಳಬಾಗಿಲು ಇಟ್ಟ. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ತಂತ್ರಾಂಶದ ಬಳಗದ ಆಂಡ್ರೆಸ್ ಫ್ರಾಯಿಂಡ್ ಎಂಬವರು, ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನು ಹತ್ತಿ ಅದನ್ನು ಹಿಡಿದರು. ಇದನ್ನು ಬೇಹುಗಾರಿಕೆಯ ಕಥೆಯಾಗಿ ಹೇಳುವವರೇ ಹೆಚ್ಚು. ದಣಿದ ಒಬ್ಬ ಮನುಷ್ಯ ನೆರವು ಕೇಳಿದಾಗ ಒಳ್ಳೆಯವರು ಯಾರೂ ಬಾರದೆ ಕಳ್ಳನೊಬ್ಬನೇ ಬಂದ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ.

ನಮ್ಮಲ್ಲೂ ಒಬ್ಬರೇ ಹೊತ್ತ ಭಾರದ ಚರಿತ್ರೆ ಇದೆ. ಶೇಷಾದ್ರಿವಾಸು ಚಂದ್ರಶೇಖರನ್ ನೌಕರಿಯ ಬಿಡುವಿನಲ್ಲಿ ಕಟ್ಟಿದ 'ಬರಹ' 1998ರಲ್ಲಿ ಬಂತು. ಡಿಟಿಪಿ ಅಂಗಡಿಯಿಂದ ಹೊರದೇಶದ ಕನ್ನಡಿಗರ ಮನೆಯವರೆಗೆ ಒಂದು ಇಡೀ ಪೀಳಿಗೆ ಅದರಲ್ಲೇ ಕನ್ನಡ ಕುಟ್ಟಲು ಕಲಿಯಿತು. ವರ್ಷಗಟ್ಟಲೆ ಪುಕ್ಕಟೆ ಕೊಟ್ಟ ಅವರು ಆಮೇಲಿನ ಆವೃತ್ತಿಗೆ ಬೆಲೆ ಇಟ್ಟರು. ಅದು ನ್ಯಾಯವೇ, ನಮ್ಮ ಬಳಕೆಗೆ ಅವರ ಸಂಸಾರ ಯಾಕೆ ತೆರಬೇಕು? ಆದರೆ 'ಬರಹ' ಉಚಿತವಾಗಿತ್ತೇ ಹೊರತು ಮುಕ್ತವಾಗಿರಲಿಲ್ಲ. ಮೂಲಸಂಕೇತ ಅವರ ಬಳಿಯೇ ಇತ್ತು, ಹೊರೆ ಹಂಚಿಕೊಳ್ಳಬೇಕೆಂದವರಿಗೂ ದಾರಿಯಿರಲಿಲ್ಲ. 2022ರ ಜನವರಿಯಲ್ಲಿ ವಾಸು ತೀರಿಕೊಂಡಾಗ ಕನ್ನಡದವರು ದೊಡ್ಡ ಮನಸ್ಸಿನಿಂದಲೇ ನೆನೆದರು. ಎಕ್ಸ್‌ಜೆಡ್‌ನ ಕೋಡ್ ಎಲ್ಲರಿಗೂ ತೆರೆದಿತ್ತು, 'ಬರಹ'ದ್ದು ತೆರೆದಿರಲಿಲ್ಲ. ಎರಡೂ ಕಡೆ ಭಾರ ಬಿದ್ದದ್ದು ಒಂದೇ ಹೆಗಲ ಮೇಲೆ. ಮುಕ್ತ ಲೈಸೆನ್ಸ್ ಒಂದೇ ಸಾಲದು ಎಂದಾಯಿತು.

ಹೊರೆ ಹಂಚುವ ಪಾಠಕ್ಕೆ ಗದಗ ಜಿಲ್ಲೆಯವರು ದೂರ ಹೋಗಬೇಕಿಲ್ಲ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದೆಂದು ಅದಕ್ಕೆ ಹೆಸರು. ಪಾಟೀಲರು ಒಳ್ಳೆಯ ಮನುಷ್ಯ ಎಂಬುದರ ಮೇಲೆ ಮಾತ್ರ ಸಹಕಾರ ಸಂಘ ನಿಲ್ಲುವುದಿಲ್ಲ. ಸದಸ್ಯರ ಪಟ್ಟಿ, ವರ್ಷದ ಸಭೆ, ಲೆಕ್ಕಪತ್ರ, ಬದಲಾಗುವ ಆಡಳಿತ ಮಂಡಳಿ ಬೇಕು. ಕೂಡಿ ಮಾಡುವ ಕೆಲಸಕ್ಕೆ ಲಿಖಿತ ಕಟ್ಟಳೆ ಇದ್ದರೆ ಅಧ್ಯಕ್ಷರ ಮನೆಯಲ್ಲಿ ಮದುವೆ ಬಂದರೂ ಸಂಘದ ಬಾಗಿಲು ತೆರೆಯುತ್ತದೆ. ನಮ್ಮ ತಂತ್ರಾಂಶ ಬಳಗಗಳಲ್ಲಿ ಎಷ್ಟಕ್ಕೆ ಇಷ್ಟಾದರೂ ಇದೆ? ಡೊಮೇನ್ ಒಬ್ಬರ ಹೆಸರಲ್ಲಿ, ಸರ್ವರ್ ಬಾಡಿಗೆ ಅವರದೇ ಕಾರ್ಡಿನಲ್ಲಿ, ಪಾಸ್‌ವರ್ಡ್ ಅವರ ತಲೆಯಲ್ಲಿ.

ಕಟ್ಟಳೆಯ ಜತೆ ಹಂಗಾಮೂ ಬೇಕು. ಲಿನಕ್ಸ್‌ಗೆ ತೆರೆಯ ಮುಖ ಕಟ್ಟುವ ಗ್ನೋಮ್ ಬಳಗದ ರೀತಿ ನನಗೆ ಹಿಡಿಸುತ್ತದೆ. ಪ್ರತಿವರ್ಷ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹೊಸ ಆವೃತ್ತಿ ಬರುತ್ತದೆ. ಅದಕ್ಕೆ ಮುಂಚೆ ಕೆಲವು ವಾರ ತೆರೆಯ ಮೇಲಿನ ಪದಗಳನ್ನು ಯಾರೂ ಬದಲಿಸುವಂತಿಲ್ಲ, ಅನುವಾದಕರು ಆ ಅವಧಿಯಲ್ಲಿ ನೆಮ್ಮದಿಯಾಗಿ ಕೆಲಸ ಮುಗಿಸಬಹುದು. ಕೆಲಸ ಯಾವಾಗ ಬರುತ್ತದೆಂದು ಮೊದಲೇ ಗೊತ್ತಿದ್ದರೆ ಮನೆಯವರಿಗೆ ಮಾತು ಕೊಡಬಹುದು. ನಮ್ಮ ಎರೆ ಹೊಲದವರಿಗೆ ಮಾರ್ಚ್ ಸರಿ, ಕಡಲೆ ಒಕ್ಕಿ ಆಗಿರುತ್ತದೆ. ಸೆಪ್ಟೆಂಬರ್ ಆವೃತ್ತಿಯ ತಯಾರಿ ಮಾತ್ರ ಹೆಸರು ಬಿಡಿಸುವ ಹೊತ್ತಿಗೇ ಬಂದು ಬೀಳುತ್ತದೆ, ಆ ಸರದಿ ಬೇರೆಯವರಿಗೆ. 2005ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಬರೆದ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಕೂಡ ಹಳ್ಳಿಯವರಿಗೆ ಅನುಕೂಲ. ಯೋಜನೆಯ ಇಡೀ ಇತಿಹಾಸ ನಮ್ಮ ಯಂತ್ರದಲ್ಲೇ ಇರುವುದರಿಂದ ನೆಟ್‌ವರ್ಕ್ ಹೋದರೂ ಕೆಲಸ ನಿಲ್ಲುವುದಿಲ್ಲ. ಬಂದಾಗ ಕಳಿಸಿದರಾಯಿತು. ತಕ್ಷಣ ಉತ್ತರ ಕೊಡಬೇಕೆಂಬ ಧಾವಂತ ಯಂತ್ರದ್ದಲ್ಲ, ನಾವು ಹಚ್ಚಿಕೊಂಡದ್ದು.

ಇನ್ನೊಂದು ಲೆಕ್ಕವನ್ನು ಗಂಡಸರು ಓದಬೇಕು. ಕೋಡ್ ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್ 2017ರಲ್ಲಿ ನಡೆಸಿದ ಸಮೀಕ್ಷೆಗೆ ಉತ್ತರಿಸಿದ ಮುಕ್ತ ತಂತ್ರಾಂಶದವರಲ್ಲಿ ಶೇ 95 ಗಂಡಸರು, ಶೇ 3 ಮಾತ್ರ ಹೆಂಗಸರು. ಕಾರಣ ಹಲವಿರಬಹುದು, ಒಂದು ನನ್ನ ಕಣ್ಣೆದುರೇ ಇದೆ. ರಾತ್ರಿ ಊಟದ ಮೇಲಿನ ಹೊತ್ತು ಗಂಡಸಿಗೆ ಬಿಡುವು. ಹೆಂಗಸಿಗೆ ಅದು ಪಾತ್ರೆ, ನಾಳಿನ ಹಿಟ್ಟು, ಮಗುವಿನ ಹೋಂವರ್ಕ್. ನಾವು ಸಮಾಜಕ್ಕೆ ಕೊಟ್ಟೆವೆನ್ನುವ ತಾಸುಗಳಲ್ಲಿ ಅರ್ಧ ಹೆಂಡತಿಯಿಂದ ಪಡೆದದ್ದು, ಕೇಳದೆ ಪಡೆದದ್ದೂ ಉಂಟು. ಪಾತ್ರೆ ತಿಕ್ಕಿ ಆಮೇಲೆ ಕೋಡಿನ ತಿದ್ದುಪಡಿ ಕಳಿಸುವ ಗಂಡನಿಂದ ತಂತ್ರಾಂಶಕ್ಕೇನೂ ನಷ್ಟವಿಲ್ಲ.

ಊರೊಳಗಿನ ತಂತ್ರಜ್ಞಾನ ಸೇವೆಯೂ ಇದೇ ಲೆಕ್ಕಕ್ಕೆ ಬರುತ್ತದೆ. ಕಂಪ್ಯೂಟರ್ ಬಲ್ಲವನೆಂದು ಹೆಸರಾದರೆ ಮುಗಿಯಿತು: ಪಹಣಿ ತೆಗೆದುಕೊಡು, ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ಫೋಟೋ ಏರಿಸು, "ಫೋನ್ ಹ್ಯಾಂಗ್ ಆಗೇತಿ, ಒಂಚೂರು ನೋಡಪಾ". ಬೇಡ ಎನ್ನಲಾಗದು, ಅನ್ನಲೂಬಾರದು. ಹಾಗೆಂದು ಒಬ್ಬನೇ ಮಾಡುತ್ತ ಹೋದರೆ ಊರು ಅವನ ಮೇಲೆ ಒರಗುತ್ತದೆ. ಕಾಲೇಜಿಗೆ ಹೋಗುವ ಹುಡುಗಿಯರಿಬ್ಬರಿಗೆ ಕಲಿಸಿ, ಪಂಚಾಯಿತಿ ಗ್ರಂಥಾಲಯದಲ್ಲಿ ವಾರಕ್ಕೊಂದು ಸಂಜೆ ಗೊತ್ತುಮಾಡಿದರೆ ಸೇವೆ ಉಳಿಯುತ್ತದೆ, ಮನೆಯ ಊಟದ ಹೊತ್ತೂ ಉಳಿಯುತ್ತದೆ.

ಈ ಹವ್ಯಾಸಕ್ಕೆ ಇಳಿಯುವ ಕಿರಿಯರು ಮೊದಲು ಕೈಬಿಟ್ಟರೂ ಯಾರಿಗೂ ತೊಂದರೆಯಾಗದ ಕೆಲಸ ಹಿಡಿಯಿರಿ: ವಿಕಿಸೋರ್ಸ್‌ನಲ್ಲಿ ಒಂದು ಪುಟದ ಕರಡು ತಿದ್ದುವುದು, ನಾಲ್ಕು ಸಾಲು ಅನುವಾದ, ಸರಿಯಾಗಿ ಬರೆದ ಒಂದು ದೋಷವರದಿ. ಸ್ವಂತ ಯೋಜನೆ ಶುರುಮಾಡುವವರು ಮೊದಲ ಆವೃತ್ತಿ ಹೊರಡುವ ಮುಂಚೆಯೇ ಕೀಲಿಕೈ ಇರುವ ಎರಡನೆಯ ವ್ಯಕ್ತಿಯ ಹೆಸರನ್ನು ಯೋಜನೆಯ ಪರಿಚಯ ಕಡತವಾದ ರೀಡ್‌ಮಿಯಲ್ಲಿ ಬರೆಯಿರಿ. ಅಂಥವರು ಸಿಗದಿದ್ದರೆ ಯೋಜನೆಯನ್ನು ಚಿಕ್ಕದು ಮಾಡಿ. ಬಳಸುವವರಿಗೂ ಒಂದು ಮಾತು: ದೂರು ಬರೆಯುವ ಮುನ್ನ ಆ ಕಡೆ ಎಷ್ಟು ಜನ ಇದ್ದಾರೆಂದು ನೋಡಿ. ಒಬ್ಬರೇ ಇದ್ದರೆ, ದೂರಿನ ಜತೆ ನೀವು ಮಾಡಬಲ್ಲ ಒಂದು ಕೆಲಸವನ್ನೂ ಬರೆಯಿರಿ.