ಹಡಗುಕಟ್ಟೆಯ ಮೌನ: ಒಂದು ಕಥೆ, ಎರಡು ಮುಕ್ತಾಯ

ನ್ಯೂಯಾರ್ಕ್ ಬಂದರಿನ ಐರಿಷ್ ಕೂಲಿಗಾರರ ಬಾಳನ್ನು ಬಡ್ ಶುಲ್‌ಬರ್ಗನು ಎರಡು ಸಲ ಬರೆದನು: ಎಲಿಯಾ ಕಜಾನನು ನಿರ್ದೇಶಿಸಿದ 'ಆನ್ ದಿ ವಾಟರ್‌ಫ್ರಂಟ್' (1954) ಚಿತ್ರಕ್ಕೆ ಕಥೆಯಾಗಿ, ಮರುವರ್ಷ 'ವಾಟರ್‌ಫ್ರಂಟ್' ಎಂಬ ಕಾದಂಬರಿಯಾಗಿ. ಎಂಟು ಆಸ್ಕರ್ ಪಡೆದ ಚಿತ್ರವೇ ಲೋಕಪ್ರಸಿದ್ಧವಾದುದು. ಚರಿತ್ರೆಗೆ ಸಮೀಪವಾದುದು ಕಾದಂಬರಿಯೆಂದು ನಮ್ಮ ಮತ.

ಹತ್ತೊಂಬತ್ತನೆಯ ಶತಮಾನದಲ್ಲಿ ವಲಸೆ ಬಂದ ಐರಿಷರಿಗೆ ಮ್ಯಾನ್‌ಹಟನ್ನಿನ ಪಶ್ಚಿಮ ದಡದ ಹಡಗುಕಟ್ಟೆಗಳೇ ಜೀವನಾಧಾರವಾದುವು. ಹಡಗು ಬಂದಾಗ ಆಳುಗಳು ಅರ್ಧಚಂದ್ರಾಕಾರವಾಗಿ ನಿಲ್ಲುವರು. ಮೇಸ್ತ್ರಿ ಆರಿಸಿದವನಿಗೆ ಕೆಲಸ, ಉಳಿದವರಿಗೆ ಬರಿಗೈ. ಕೂಲಿಯಲ್ಲಿ ಪಾಲುಕೊಡಲು ಒಪ್ಪಿದವನು ಕಿವಿಯ ಹಿಂದೆ ಹಲ್ಲುಕಡ್ಡಿ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದುದೂ ಉಂಟು. 1927ರಿಂದ 1953ರವರೆಗೆ ಕಾರ್ಮಿಕ ಸಂಘದ ಅಧ್ಯಕ್ಷನಾಗಿದ್ದ ಜೋಸೆಫ್ ರಯನ್ನನೂ ಐರಿಷ್ ಕುಲದವನೇ. ಇಂಥಲ್ಲಿ ತುಟಿ ಬಿಚ್ಚದಿರುವುದು ಹೇಡಿತನವಲ್ಲ, ನಾಳಿನ ಅನ್ನದ ಪ್ರಶ್ನೆ.

ಚಿತ್ರವಾದರೋ ಮೌನವನ್ನು ಅಂತಃಸಾಕ್ಷಿಯ ದೋಷವೆಂದು ಕಾಣುತ್ತದೆ. ಸಾಕ್ಷಿ ನುಡಿದ ಟೆರಿ ಮಲಾಯ್ ಪೆಟ್ಟು ತಿಂದು ತೂರಾಡುತ್ತ ನಡೆಯುತ್ತಾನೆ, ಉಳಿದವರು ಹಿಂಬಾಲಿಸುತ್ತಾರೆ. ಆದರೆ ಎದುರುಗೊಳ್ಳುವವನು ಯಾರು? ಕೆಲಸ ಕೊಡುವ ಧಣಿ! ಅವನನ್ನು ಚಿತ್ರವು ಏನನ್ನೂ ಕೇಳುವುದಿಲ್ಲ. (ಕಜಾನನು 1952ರಲ್ಲಿ ಸಂಸತ್ ಸಮಿತಿಯ ಮುಂದೆ ಹಳೆಯ ಸಂಗಾತಿಗಳ ಹೆಸರು ಹೇಳಿದ್ದನೆಂಬುದನ್ನು ಇಲ್ಲಿ ಮರೆಯಲಾಗದು.) ಆಳು ಆರಿಸುವ ಆ ಪದ್ಧತಿ 1953ರಲ್ಲಿ ಅಳಿದುದು ಎರಡು ರಾಜ್ಯಗಳ ಶಾಸನದಿಂದ, ಒಬ್ಬ ವೀರನ ನಡಿಗೆಯಿಂದಲ್ಲ.

ಕಾದಂಬರಿಯಲ್ಲಿ ಟೆರಿ ಕೊಲೆಯಾಗುತ್ತಾನೆ. ಜೆಸ್ಯೂಟ್ ಪಾದ್ರಿ ಜಾನ್ ಕಾರಿಡನ್ನನನ್ನು ಮಾದರಿಯಾಗಿಟ್ಟು ರಚಿಸಿದ ಫಾದರ್ ಬ್ಯಾರಿಯ ಮಾತು ತುಸು ಅತಿಯಾಯಿತೆನ್ನಬಹುದು. ಆದರೂ ಸಾಕ್ಷಿ ನುಡಿದವನು ತೆರಬೇಕಾದ ಬೆಲೆಯನ್ನು ಕಾದಂಬರಿಕಾರನು ಇಲ್ಲಿ ಮರೆಮಾಚಿಲ್ಲ.