ಹಿರೇಗುಂಟನೂರಿನ ಗುಡ್ಡಗಳು ಮತ್ತು ಮಡಿಕೆಗಳ ಚರಿತ್ರೆ: ಒಂದು ವಿಮರ್ಶೆ

ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರಿನ ಸುತ್ತಣ ಗುಡ್ಡಗಳು ನೋಟಕ್ಕೆ ಸಾಮಾನ್ಯವಾದುವು. ಆದರೆ ಅವು ಗದಗಿನ ಕಡೆಯಿಂದ ಶ್ರೀರಂಗಪಟ್ಟಣದ ಕಡೆಗೆ 400 ಕಿಲೋಮೀಟರಿಗೂ ಮಿಕ್ಕು ಹಬ್ಬಿರುವ ಚಿತ್ರದುರ್ಗದ ಷಿಸ್ಟ್ ಪಟ್ಟಿಗೆ ಸೇರಿದುವು. ಒಂದು ಕಾಲದಲ್ಲಿ ನೀರಿನಡಿ ಶೇಖರವಾದ ಮರಳು, ಕೆಸರು, ಹರಿದು ಹೆಪ್ಪುಗಟ್ಟಿದ ಲಾವಾ, ಇವೆಲ್ಲ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ, ಮಡಿಕೆ ಬಿದ್ದು, ರೂಪಾಂತರ ಹೊಂದಿ ಇಲ್ಲಿ ನಿಂತಿವೆ. ಇಂತಹ ಶಿಲೆಗಳ ಮಡಿಕೆಗಳನ್ನು ಓದುವ ಕ್ರಮದಲ್ಲಿ ನಮ್ಮ ಕಾಲೇಜುಗಳಲ್ಲಿ ಬಳಕೆಗೆ ಬಂದಿರುವ ಒಂದು ದೋಷವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಹಳೆಯ ಪಾಠವನ್ನು ನೆನೆಯೋಣ. ಈ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನಿತ್ತವನು ರಾಬರ್ಟ್ ಬ್ರೂಸ್ ಫೂಟ್. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಸ್ಥಾಪಿತವಾದ ಮೇಲೆ ಅದರ ಮುಖ್ಯಸ್ಥನಾಗಿದ್ದ ಡಬ್ಲ್ಯು. ಎಫ್. ಸ್ಮೀತ್ ಈ ಶಿಲೆಗಳು ಬಹುತೇಕ ಅಗ್ನಿಜನ್ಯವೆಂದು ಸಾಧಿಸಿದನು. ದುಂಡುಕಲ್ಲುಗಳನ್ನೊಳಗೊಂಡ ಕಾಂಗ್ಲಾಮರೇಟ್ ಕೂಡ ಅವನ ಕಣ್ಣಿಗೆ ನದಿಯೋ ಕಡಲೋ ಹೊತ್ತು ತಂದ ರಾಶಿಯಾಗಿ ಕಾಣಲಿಲ್ಲ; ನೆಲದೊಳಗಣ ಜಜ್ಜಾಟದಿಂದ ಒಡೆದ ಶಿಲೆಯಾಗಿ ಕಂಡಿತು. 1916ರ ಅವನ ನಿರೂಪಣೆ ಬಹುಕಾಲ ಪ್ರಮಾಣವಾಗಿ ನಿಂತಿತು. 1940ರಲ್ಲಿ ಬಿ. ರಾಮರಾಯರು ತಮ್ಮ ಸಮಗ್ರ ಸಮೀಕ್ಷೆಯಲ್ಲಿ ಇವುಗಳಲ್ಲಿ ಅನೇಕವು ಜಲಜ ಶಿಲೆಗಳೆಂಬುದನ್ನು ಎತ್ತಿಹಿಡಿದರು. ಸ್ಮೀತನು ಅವಿವೇಕಿಯಲ್ಲ. ಶಿಲೆ ಆಮೇಲೆ ಪಟ್ಟ ಪೆಟ್ಟಿನ ಗುರುತನ್ನು ಅವನು ಸರಿಯಾಗಿಯೇ ಕಂಡನು. ಪೆಟ್ಟಿಗೆ ಮುಂಚಿನ ಗುರುತನ್ನು ಮಾತ್ರ ಅದರೊಳಗೆ ಕರಗಿಸಿಬಿಟ್ಟನು.

ಈಗಿನ ಪ್ರಶ್ನೆ ಬೇರೆಯಾದರೂ ಅಪಾಯ ಅದೇ ಜಾತಿಯದು. 1986ರಲ್ಲಿ ನಾಹಾ, ಶ್ರೀನಿವಾಸನ್, ನಕ್ವಿ ಎಂಬ ವಿದ್ವಾಂಸರು ಧಾರವಾಡ ಪ್ರಾಂತ್ಯದ ರಚನಾತ್ಮಕ ಐಕ್ಯವನ್ನು ಪ್ರತಿಪಾದಿಸಿದರು. ಷಿಸ್ಟುಗಳಲ್ಲಿಯೂ ನೈಸ್ ಶಿಲೆಗಳಲ್ಲಿಯೂ ಮಡಿಕೆಗಳ ಶೈಲಿ, ಅನುಕ್ರಮ, ದಿಕ್ಕು ಒಂದನ್ನೊಂದು ಹೋಲುತ್ತವೆ; ಮೊದಲು ಎರಡು ಪಾರ್ಶ್ವಗಳೂ ಸಮಾನಾಂತರವಾಗುವಷ್ಟು ಬಿಗಿಯಾದ ಮಡಿಕೆ, ಆಮೇಲೆ ಅದನ್ನೇ ಮತ್ತೆ ಮಡಿಸಿದ ನೆಟ್ಟನೆಯ ಮಡಿಕೆ. ಚದುರಿಹೋಗಿದ್ದ ವೀಕ್ಷಣೆಗಳನ್ನು ಒಂದು ಕಟ್ಟಿಗೆ ತಂದ ಈ ಕೃಷಿಯ ಬೆಲೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತರಗತಿಯಲ್ಲಿ ಅದು ಸೂತ್ರವಾಗಿ ಮಾರ್ಪಟ್ಟಿದೆ. ಬಿಗಿಯಾದ ಮಡಿಕೆ ಕಂಡರೆ ಮೊದಲನೆಯದು, ಸಡಿಲವಾದುದು ಕಂಡರೆ ಎರಡನೆಯದು ಎಂದು ವಿದ್ಯಾರ್ಥಿ ಬರೆದುಕೊಳ್ಳುತ್ತಾನೆ. ನಮ್ಮ ಆಕ್ಷೇಪಣೆ ಇರುವುದು ಇಲ್ಲಿ.

ದಪ್ಪ ಕಂಬಳಿಯೊಂದನ್ನೂ ತೆಳು ಪಂಚೆಯೊಂದನ್ನೂ ಹಾಸಿ, ಎರಡನ್ನೂ ಅಂಚಿನಿಂದ ಒಂದೇ ಸಲ ತಳ್ಳಿದರೆ ಕಂಬಳಿ ಕೆಲವೇ ಅಗಲವಾದ ಮಡಿಕೆಗಳನ್ನು ತಾಳುತ್ತದೆ, ಪಂಚೆ ಹತ್ತಾರು ನೆರಿಗೆಗಳಾಗಿ ಮುದುಡುತ್ತದೆ. ಕೈ ಒಂದೇ, ಕಾಲವೂ ಒಂದೇ. ಗುಡ್ಡದಲ್ಲಿ ದಪ್ಪವಾದ ಕ್ವಾರ್ಟ್‌ಜೈಟ್ ಸ್ತರವೂ ಅದರ ಪಕ್ಕದ ಮೆದು ಫಿಲೈಟೂ ಹೀಗೆಯೇ ವರ್ತಿಸುತ್ತವೆ. ಅಷ್ಟೇ ಅಲ್ಲದೆ, ಎಡೆಬಿಡದೆ ನಡೆದ ಒಂದೇ ಒತ್ತಡವು ತಾನೇ ಮಾಡಿದ ಮಡಿಕೆಯನ್ನು ಮತ್ತೆ ಮಡಿಸಬಲ್ಲುದು. ಆದುದರಿಂದ ಶೈಲಿಭೇದ ಕಾಲಭೇದಕ್ಕೆ ಸಾಕ್ಷಿಯಲ್ಲ. ಶೈಲಿಸಾಮ್ಯ ಕಾಲಸಾಮ್ಯಕ್ಕೂ ಸಾಕ್ಷಿಯಲ್ಲ. ಒಂದು ಮಡಿಕೆಯ ಅಕ್ಷತಲವನ್ನು ಇನ್ನೊಂದು ಮಡಿಕೆ ಬಾಗಿಸಿರುವುದನ್ನು ಕಣ್ಣಾರೆ ಕಂಡಲ್ಲಿ ಮಾತ್ರ ಹಿಂದುಮುಂದನ್ನು ಹೇಳಬಹುದು.

ಇದಕ್ಕಿಂತ ಮುಖ್ಯವಾದ ಪ್ರಶ್ನೆ, ಸ್ತರದ ಮೇಲುಮುಖ ಯಾವುದು ಎಂಬುದು. 1981ರಲ್ಲಿ ಸ್ವಾಮಿನಾಥ್ ಮತ್ತು ರಾಮಕೃಷ್ಣನ್ ಅವರು ಚಿತ್ರದುರ್ಗದ ಗುಂಪಿನ ಶಿಲೆಗಳನ್ನು ವಾಣಿವಿಲಾಸ, ಇಂಗಳದಾಳು, ಹಿರಿಯೂರು ಎಂದು ಕೆಳಗಿನಿಂದ ಮೇಲಕ್ಕೆ ಜೋಡಿಸಿದರು. ಇಂತಹ ಯಾವ ಜೋಡಣೆಗೂ ಮೇಲುಮುಖದ ಅರಿವೇ ಆಧಾರ. ಬಿಗಿಯಾದ ಮಡಿಕೆಯ ಒಂದು ಪಾರ್ಶ್ವ ತಲೆಕೆಳಗಾಗಿದ್ದರೂ ಎರಡು ಪಾರ್ಶ್ವಗಳೂ ಒಂದೇ ಕಡೆಗೆ ಇಳಿವಾಟ ತೋರುತ್ತವೆ. ದಿಕ್ಸೂಚಿ ಈ ಭೇದವನ್ನು ಹೇಳದು. ಅದನ್ನು ಹೇಳುವುದು ಶಿಲೆಯ ಹುಟ್ಟುಗುರುತು. ಚಿತ್ರದುರ್ಗದ ಆಗ್ನೇಯಕ್ಕಿರುವ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಇದಕ್ಕೆ ಪ್ರಸಿದ್ಧ ನಿದರ್ಶನ. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ನೀರಿನಡಿ ಹೆಪ್ಪುಗಟ್ಟಿದ ಇಂತಹ ದಿಂಬುಗಳ ಉಬ್ಬು ಮೇಲಕ್ಕೂ, ಕೆಳಗಣ ಎರಡು ದಿಂಬುಗಳ ಸಂದಿಗೆ ಇಳಿದ ಚೂಪು ಕೆಳಕ್ಕೂ ಇರುತ್ತವೆ. ಕ್ವಾರ್ಟ್‌ಜೈಟಿನ ಅಡ್ಡಸ್ತರ, ಗ್ರೇವ್ಯಾಕೆಯಲ್ಲಿ ಕೆಳಗೆ ದಪ್ಪ ಕಣ, ಮೇಲೆ ನುಣುಪು ಕಣ ಕೂತಿರುವ ಕ್ರಮ, ಇವೂ ಇದೇ ಕೆಲಸ ಮಾಡುತ್ತವೆ.

ಸೀಳುತಲಕ್ಕಿಂತ ಸ್ತರ ಕಡಿದಾಗಿದ್ದರೆ ಆ ಪಾರ್ಶ್ವ ತಲೆಕೆಳಗಾದುದು ಎಂಬ ಸೂತ್ರವನ್ನು ನಾವೆಲ್ಲರೂ ಕಲಿಸುತ್ತೇವೆ. ಸ್ತರಗಳು ಒಂದೇ ಸಲ ಮಡಿದಿದ್ದರೆ ಅದು ನಿಜ. ಮೊದಲೇ ತಲೆಕೆಳಗಾಗಿದ್ದ ಸ್ತರ ಮತ್ತೆ ಮಡಿದಿದ್ದರೆ ಆ ಸೂತ್ರ ಎರಡನೆಯ ಮಡಿಕೆಯ ಪಾರ್ಶ್ವವನ್ನಷ್ಟೇ ತಿಳಿಸುತ್ತದೆ, ಸ್ತರದ ಮೇಲುಮುಖವನ್ನಲ್ಲ. ಎರಡು ಸಲ ಮಡಿದ ನಾಡಿನಲ್ಲಿ ಈ ಎಚ್ಚರಿಕೆಯಿಲ್ಲದೆ ಸೂತ್ರವನ್ನು ಕಲಿಸುವುದು ತಪ್ಪನ್ನೇ ಕಲಿಸಿದಂತೆ.

ತಾಳ್ಯದ ಮತ್ತು ಐಮಂಗಲದ ಕಾಂಗ್ಲಾಮರೇಟುಗಳನ್ನೂ ಹೀಗೆಯೇ ಪ್ರಶ್ನಿಸಬೇಕು. ದುಂಡುಕಲ್ಲು ಹಿಗ್ಗಿ ನೀಳವಾಗಿದ್ದರೆ ಅದು ಶೇಖರಣೆಯ ಅನಂತರದ ಒತ್ತಡ. ಆದರೆ ಕಲ್ಲಿನೊಳಗಣ ಪಟ್ಟೆ ಸುತ್ತಣ ಶಿಲೆಯ ಪಟ್ಟೆಗೆ ಹೊಂದದೆ, ಕಲ್ಲಿಂದ ಕಲ್ಲಿಗೆ ದಿಕ್ಕು ಬದಲಿಸುತ್ತಿದ್ದರೆ, ಅದು ಆ ಕಲ್ಲು ತಾಯಿಶಿಲೆಯಲ್ಲಿದ್ದಾಗಲೇ ಪಟ್ಟ ಪೆಟ್ಟು. ಐಕ್ಯವಾದವನ್ನು ನಿಜವಾಗಿ ಒರೆಗೆ ಹಚ್ಚುವುದು ಇಂತಹ ಪರೀಕ್ಷೆ. 2000ದಲ್ಲಿ ಚಾಡ್ವಿಕ್, ವಾಸುದೇವ್, ಹೆಗಡೆ ಅವರು ಇಡೀ ಪ್ರಾಂತ್ಯದ ರಚನೆಯನ್ನು ಭೂಫಲಕಗಳ ಓರೆಯಾದ ಒತ್ತೊಟ್ಟಿನಿಂದ ವಿವರಿಸಿದರು. ಈ ಮತ ಹೆಚ್ಚು ವ್ಯಾಪಕವಾದುದು; ಆದರೆ ಅದೂ ಕೊನೆಗೆ ಗುಡ್ಡದ ಮೇಲಣ ಇದೇ ಸಣ್ಣ ಗುರುತುಗಳಿಗೇ ಉತ್ತರ ಹೇಳಬೇಕು.

ಇದು ಕೇವಲ ಪಂಡಿತರ ಜಗಳವಲ್ಲ. ಹಿರೇಗುಂಟನೂರು ಹೋಬಳಿಯ ಭೀಮಸಮುದ್ರ, ಮೇಗಳಹಳ್ಳಿಗಳ ಸುತ್ತ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆದಿದೆ. ಅದಿರಿನ ಸ್ತರ ಮಡಿಕೆಯ ತಿರುವಿನಲ್ಲಿ ದಪ್ಪವಾಗಿ, ಪಾರ್ಶ್ವದಲ್ಲಿ ತೆಳುವಾಗಬಹುದು. ಒಂದೇ ಸ್ತರ ಮಡಿದು ಎರಡಾಗಿ ತೋರಬಹುದು. ಮಡಿಕೆಯನ್ನು ತಪ್ಪಾಗಿ ಓದಿದವನು ಇಲ್ಲದ ಅದಿರನ್ನು ಎಣಿಸುತ್ತಾನೆ, ಅಗೆಯಬಾರದ ಗುಡ್ಡವನ್ನು ಅಗೆಸುತ್ತಾನೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿದಾಗ, ಗುಡ್ಡ ಒಮ್ಮೆ ಹೋದರೆ ಮರಳಿ ಬಾರದೆಂಬುದು ಎಲ್ಲರಿಗೂ ಮನದಟ್ಟಾಯಿತು. ಗುಡ್ಡದೊಡನೆ ಸಾಕ್ಷಿಯೂ ಹೋಗುತ್ತದೆ.

ಆದುದರಿಂದ ಅಧ್ಯಾಪಕರಲ್ಲಿ ನಮ್ಮ ವಿನಂತಿ ಇಷ್ಟೆ: ವಿದ್ಯಾರ್ಥಿಯ ಟಿಪ್ಪಣಿಯಲ್ಲಿ ಮಡಿಕೆಗೆ ಕ್ರಮಾಂಕ ಬೀಳುವ ಮುನ್ನ ಸ್ತರದ ಮೇಲುಮುಖಕ್ಕೆ ಒಂದು ಬಾಣದ ಗುರುತು ಬೀಳಲಿ. ಬಾಣ ಹಾಕಲು ಆಧಾರ ಸಿಕ್ಕದಿದ್ದರೆ ಆ ಜಾಗ ಖಾಲಿ ಉಳಿಯಲಿ. ತುಂಬಿದ ತಪ್ಪು ನಕ್ಷೆಗಿಂತ ಖಾಲಿ ಬಿಟ್ಟ ನಕ್ಷೆಯೇ ಮುಂದೆ ಬರುವವನಿಗೆ ಹೆಚ್ಚು ಉಪಕಾರಿ.